ಗಾಲ್ಫಿನ ಐರನ್ ಶಾಟ್ ಒಂದು ದಿನ ಬರುತ್ತದೆ, ಮರುದಿನ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಹಿಂಜವಡಿ ಹುಬ್ಬಳ್ಳಿ · ಮೇ 24

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು, ಪುಣೆಯ ಹಿಂಜವಡಿಯಲ್ಲಿ ಕೆಲಸ. ವಯಸ್ಸು 41. ಗಾಲ್ಫ್ ಶುರು ಮಾಡಿ ಮೂರು ವರ್ಷ ಆಯಿತು. ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಂಕಿ, ಕಡಿಮೆಯಾದಷ್ಟೂ ಒಳ್ಳೆಯದು) 22ಕ್ಕೆ ಬಂದು ನಿಂತಿದೆ. ಒಂದು ವರ್ಷದಿಂದ ಅಲ್ಲಿಂದ ಅಲುಗುತ್ತಿಲ್ಲ.

ಡ್ರೈವರ್ (ಮೊದಲ ಏಟಿಗೆ ಹಿಡಿಯುವ ಉದ್ದದ ಕ್ಲಬ್) ಪರವಾಗಿಲ್ಲ. ಗ್ರೀನಿನಲ್ಲಿ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನಲ್ಲಿ, ಬಾಲ್ ಉರುಳಿಸುವ ಪಟ್ಟಿಂಗ್ ಕೂಡ ಪರವಾಗಿಲ್ಲ. ತೊಂದರೆ ಇರುವುದೆಲ್ಲ ನಡುವೆ, ಗ್ರೀನಿಗೆ ಹೊಡೆಯುವ ಲೋಹದ ಕ್ಲಬ್ಬುಗಳಾದ ಐರನ್‌ಗಳಲ್ಲಿ. ನನ್ನ ಸೆವೆನ್ ಐರನ್ ಚೆನ್ನಾಗಿ ಬಿದ್ದರೆ 145 ಗಜ ಹೋಗುತ್ತದೆ. ಕಳೆದ ಭಾನುವಾರ ಒಂದೇ ರೌಂಡಿನಲ್ಲಿ ಅದೇ ಕ್ಲಬ್ಬಿನಿಂದ ಒಂದು ಬಾಲ್ 145 ಹೋಯಿತು, ಇನ್ನೊಂದು 90ಕ್ಕೆ ಸತ್ತಿತು, ಮತ್ತೊಂದು ಸೊಂಟದ ಎತ್ತರದಲ್ಲಿ ಗುಂಡಿನ ಹಾಗೆ ಹೋಗಿ ಗ್ರೀನ್ ದಾಟಿ ಪೊದೆ ಸೇರಿತು. ಮೂರಕ್ಕೂ ಕೈಗೆ ಅನಿಸಿದ್ದು ಒಂದೇ ಸ್ವಿಂಗ್. ಅದೇ ನನಗೆ ಅರ್ಥವಾಗದಿರುವುದು.

ಚಳಿಗಾಲದಲ್ಲಿ ಒಬ್ಬ ಕೋಚ್ ಹತ್ತಿರ ಹೋಗಿದ್ದೆ. ಎರಡೇ ವಾರದಲ್ಲಿ ಗ್ರಿಪ್, ಸ್ಟಾನ್ಸ್, ಬ್ಯಾಕ್‌ಸ್ವಿಂಗ್ ಮೂರೂ ಬದಲಾಯಿಸಿದರು. ಈಗ ಹಳೆಯದೂ ಇಲ್ಲ, ಹೊಸದೂ ಇಲ್ಲ. ಬ್ಯಾಗ್ ಹೊರುವ ಕ್ಯಾಡಿಗಳು ಪ್ರತಿ ಸಲ 'ಡೋಕಂ ವರ ನಕೋ ಸಾಹೇಬ್' ಅನ್ನುತ್ತಾರೆ, ತಲೆ ಎತ್ತಬೇಡಿ ಅಂತ. ತಲೆ ಕೆಳಗೆ ಒತ್ತಿ ಹಿಡಿದುಕೊಂಡು ನೋಡಿದೆ. ಇನ್ನೂ ಜಾಸ್ತಿ ಕೆಟ್ಟಿತು.

ವಾರಕ್ಕೆ ಎರಡು ಸಲ ರೇಂಜಿಗೆ (ಅಭ್ಯಾಸದ ಮೈದಾನ) ಹೋಗುತ್ತೇನೆ, 100 ಬಾಲ್ ಹೊಡೆಯುತ್ತೇನೆ. ಅಲ್ಲಿ ಚೆನ್ನಾಗೇ ಬರುತ್ತದೆ. ಕೋರ್ಸಿಗೆ ಬಂದರೆ ಇಲ್ಲ. ದಯವಿಟ್ಟು ತಿಳಿದವರು ಹೇಳಿ.

ಕೋಥ್ರೂಡ್ ಕುಡ್ಲ · ಮೇ 24

ರೇಂಜಿನಲ್ಲಿ ಹುಲ್ಲಿನ ಮೇಲಾ, ಮ್ಯಾಟ್ ಮೇಲಾ?

ಹಿಂಜವಡಿ ಹುಬ್ಬಳ್ಳಿ · ಮೇ 24

ಮ್ಯಾಟ್ ಮೇಲೆ.

ಕೋಥ್ರೂಡ್ ಕುಡ್ಲ · ಮೇ 24

ಹಾಗಾದರೆ ಅರ್ಧ ಉತ್ತರ ಅಲ್ಲೇ ಇದೆ. ಬಾಲಿಗಿಂತ ಎರಡು ಇಂಚು ಹಿಂದೆ ಬಡಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿಕೊಂಡು ಹೋಗಿ ಬಾಲಿಗೆ ತಾಗುತ್ತದೆ. ಬಾಲ್ ನೆಟ್ಟಗೆ ಹಾರುತ್ತದೆ. ಹುಲ್ಲಿನ ಮೇಲೆ ಅದೇ ಏಟಿಗೆ ಕ್ಲಬ್ ನೆಲದಲ್ಲಿ ಹೂತು ಬಾಲ್ ಕಾಲ ಬುಡದಲ್ಲೇ ಬೀಳುತ್ತದೆ. ಮ್ಯಾಟ್ ಮೇಲೆ ಕಿವಿಗೊಡಿ. ಬಾಲ್ ಮೊದಲು ತಾಗಿದರೆ ಗಟ್ಟಿಯಾಗಿ 'ಟಕ್' ಅನ್ನುತ್ತದೆ. ಮ್ಯಾಟ್ ಮೊದಲು ತಾಗಿದರೆ 'ಧಪ್' ಅಂತ ಮಂದವಾದ ಸದ್ದು ಬಂದು ಆಮೇಲೆ ಬಾಲಿನ ಸದ್ದು. ನಾನು ಎರಡು ವರ್ಷ ಈ ವ್ಯತ್ಯಾಸ ಗಮನಿಸದೆ ಬಕೆಟ್ ಮೇಲೆ ಬಕೆಟ್ ಬಾಲ್ ಹೊಡೆದಿದ್ದೇನೆ.

ಚೆಂಬೂರು ಹಳಬ · ಮೇ 25

ಹುಬ್ಬಳ್ಳಿಯವರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನನಗೆ ಈಗ 60. ಬೆಂಗಳೂರಿನಲ್ಲಿ ಕಲಿತು, ಮುಂಬೈಗೆ ಬಂದು 26 ವರ್ಷ ಆಯಿತು. ನಿಮ್ಮ ಹಾಗೆ ನಾನೂ ಬಹಳ ವರ್ಷ ಒದ್ದಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

90 ಗಜಕ್ಕೆ ಸತ್ತ ಬಾಲ್ ಫ್ಯಾಟ್. ಗ್ರೀನ್ ದಾಟಿ ಓಡಿದ ಬಾಲ್ ಥಿನ್. ನೀವು ಇವೆರಡನ್ನು ಎರಡು ಬೇರೆ ಬೇರೆ ತಪ್ಪು ಅಂದುಕೊಂಡಿದ್ದೀರಿ. ಅಲ್ಲ, ಎರಡೂ ಒಂದೇ ತಪ್ಪು.

ಪಂಚಮಿ ಹಬ್ಬದ ಜೋಕಾಲಿ ನೆನಪಿಸಿಕೊಳ್ಳಿ. ಜೋಕಾಲಿ ಎಲ್ಲಿ ನೆಲಕ್ಕೆ ತೀರಾ ಹತ್ತಿರ ಬರುತ್ತದೆ? ಹಗ್ಗ ಕಟ್ಟಿದ ಕೊಂಬೆಯ ನೇರ ಕೆಳಗೆ. ಕೊಂಬೆ ಒಂದು ಅಡಿ ಹಿಂದಿದ್ದರೆ ಆ ಜಾಗವೂ ಒಂದು ಅಡಿ ಹಿಂದೆ ಹೋಗುತ್ತದೆ. ಗಾಲ್ಫ್ ಸ್ವಿಂಗಿನಲ್ಲಿ ಆ ಕೊಂಬೆ ನಿಮ್ಮ ಎಡ ಭುಜ (ನೀವು ಬಲಗೈಯವರು ಅಂದುಕೊಂಡು ಹೇಳುತ್ತಿದ್ದೇನೆ). ಭುಜ ಬಾಲಿಗಿಂತ ಸ್ವಲ್ಪ ಮುಂದಿದ್ದರೆ ಕ್ಲಬ್ ಮೊದಲು ಬಾಲಿಗೆ ತಾಗಿ, ಆಮೇಲೆ ನೆಲ ಕೆರೆಯುತ್ತದೆ. ಮೈಭಾರ ಬಲಗಾಲ ಮೇಲೇ ಉಳಿದರೆ ಭುಜ ಹಿಂದೆ ಉಳಿಯುತ್ತದೆ. ಆಗ ಕ್ಲಬ್ಬಿನ ತೀರಾ ಕೆಳಗಿನ ಜಾಗ ಬಾಲಿನ ಹಿಂದೆ ಬೀಳುತ್ತದೆ.

ಅಲ್ಲಿಂದ ಮುಂದೆ ಎರಡೇ ದಾರಿ. ಕ್ಲಬ್ ಆ ಜಾಗದಲ್ಲಿ ನೆಲಕ್ಕೆ ಬಡಿದರೆ ಫ್ಯಾಟ್. ಕೂದಲೆಳೆಯಷ್ಟು ಅಂತರದಲ್ಲಿ ನೆಲ ತಪ್ಪಿಸಿಕೊಂಡು ಮೇಲೇಳುತ್ತಾ ಬಂದರೆ, ಅದರ ಕೆಳಗಂಚು ಬಾಲಿನ ಹೊಟ್ಟೆಗೆ ತಾಗುತ್ತದೆ. ಅದು ಥಿನ್. ಒಂದೇ ಸ್ವಿಂಗ್, ಅರ್ಧ ಇಂಚಿನ ವ್ಯತ್ಯಾಸ, 90 ಗಜ ಅಥವಾ ಪೊದೆ. ಕೈಗೆ ಮೂರೂ ಒಂದೇ ಅನಿಸಿತು ಅಂದಿರಲ್ಲ, ನಿಮ್ಮ ಕೈ ಸುಳ್ಳು ಹೇಳಿಲ್ಲ.

ಡ್ರೈವರ್ ಯಾಕೆ ಪರವಾಗಿಲ್ಲ ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ಡ್ರೈವರಿನಲ್ಲಿ ಬಾಲ್ ಟೀ (ಸಣ್ಣ ಗೂಟ) ಮೇಲಿರುತ್ತದೆ, ಎಡ ಹಿಮ್ಮಡಿಯ ನೇರಕ್ಕಿರುತ್ತದೆ. ಕ್ಲಬ್ ಮೇಲೇಳುತ್ತಾ ತಾಗಿದರೂ ನಡೆಯುತ್ತದೆ, ಇನ್ನೂ ಒಳ್ಳೆಯದೇ. ಐರನ್ನಿಗೆ ಅದೇ ವಿಷ.

ಈಗ ಕೆಲಸ. ದಯವಿಟ್ಟು ಒಂದು ವಾರ ಬಾಲ್ ಎಲ್ಲಿ ಹೋಯಿತು ಅಂತ ನೋಡಬೇಡಿ, ನೆಲ ನೋಡಿ. ಮನೆಯಿಂದ ಒಂದು ಹಿಡಿ ರಂಗೋಲಿ ಪುಡಿ ತೆಗೆದುಕೊಂಡು ಹೋಗಿ. ಹುಲ್ಲಿರುವ ಅಭ್ಯಾಸದ ಜಾಗದಲ್ಲಿ, ಅಲ್ಲಿನವರನ್ನು ಕೇಳಿ, ಎರಡು ಅಡಿ ಉದ್ದದ ಒಂದು ಗೆರೆ ಎಳೆಯಿರಿ. ಗೆರೆ ನಿಮ್ಮ ಎರಡು ಕಾಲಿನ ನಡುವಿನಿಂದ ಮುಂದಕ್ಕೆ ಹೋಗುವ ಹಾಗೆ ನಿಂತುಕೊಳ್ಳಿ. ಬಾಲ್ ಬೇಡ. ಸೆವೆನ್ ಐರನ್ನಿನಲ್ಲಿ ಸ್ವಿಂಗ್ ಮಾಡಿ, ಗೆರೆಯ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಸರಿಯುತ್ತಾ 20 ಸಲ. ಕ್ಲಬ್ ನೆಲ ಕೆರೆಯಲು ಶುರು ಮಾಡಿದ್ದು ಗೆರೆಯ ಹಿಂದಾ, ಮೇಲಾ, ಮುಂದಾ? ಬರೆದಿಟ್ಟುಕೊಳ್ಳಿ. ಅಂಕಿ ತಂದು ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ವಾಕಡ್ ವೀಕೆಂಡ್ · ಮೇ 25

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ನಾನು ಹೋದ ವರ್ಷ ಹಳೆ ಬ್ಲೇಡ್ (ತೆಳು ತಲೆಯ ಐರನ್) ಬಿಟ್ಟು ಕ್ಯಾವಿಟಿ ಬ್ಯಾಕ್ (ಹಿಂಬದಿ ಟೊಳ್ಳಾದ ಐರನ್) ಸೆಟ್ ತೆಗೆದುಕೊಂಡೆ. ಸೆವೆನ್ ಐರನ್ 12 ಗಜ ಜಾಸ್ತಿ ಹೋಗುತ್ತದೆ. ಸೆಟ್ ಬದಲಾಯಿಸಿ ನೋಡಿ.

ಚೆಂಬೂರು ಹಳಬ · ಮೇ 25

ವಾಕಡ್‌ನವರೇ, ನಿಮಗೆ ಅನುಕೂಲ ಆಗಿದ್ದು ನಿಜ ಇರಬಹುದು. ಕ್ಯಾವಿಟಿ ಬ್ಯಾಕ್‌ನಲ್ಲಿ ಭಾರ ಅಂಚಿಗೆ ಹಂಚಿರುತ್ತದೆ. ಬಾಲ್ ಮುಖದ ನಡುವೆ ತಾಗದೆ ಪಕ್ಕಕ್ಕೆ ತಾಗಿದರೂ ನಷ್ಟ ಕಡಿಮೆ. ಆದರೆ ನೆಲಕ್ಕೆ ಮೊದಲು ಬಡಿಯುವವರಿಗೆ ಅದು ಸಹಾಯ ಮಾಡುವುದು ಕಡಿಮೆ. 12 ಗಜದ ವಿಷಯ ಬೇರೆ. ಹಳೆ ಸೆಟ್‌ಗಳಲ್ಲಿ ಸೆವೆನ್ ಐರನ್ನಿನ ಮುಖದ ಓರೆ 34 ಡಿಗ್ರಿ ಆಸುಪಾಸು ಇರುತ್ತಿತ್ತು. ಈಗಿನ ಎಷ್ಟೋ ಸೆಟ್‌ಗಳಲ್ಲಿ 28, 30 ಡಿಗ್ರಿ. ಅಂದರೆ ಹಳೆಯ ಸಿಕ್ಸ್ ಅಥವಾ ಫೈವ್ ಐರನ್ನಿಗೆ 7 ಅಂತ ಬರೆದ ಹಾಗೆ. ದೂರ ಹೋಗಲೇಬೇಕು. ಹುಬ್ಬಳ್ಳಿಯವರು ಕೇಳಿದ್ದು ದೂರ ಅಲ್ಲ. ಪ್ರತಿ ಸಲ ಒಂದೇ ದೂರ ಬೇಕು ಅಂತ ಕೇಳಿದ್ದಾರೆ.

ಔಂಧ್ ಕೊಡವತಿ · ಮೇ 26

ಸೆಟ್ ವಿಷಯದಲ್ಲಿ ನನ್ನದೊಂದು ಮಾತು. ಸೆಟ್ ಹೊಸದಾ ಹಳೆಯದಾ ಅನ್ನುವುದಕ್ಕಿಂತ ನಿಮ್ಮ ಮೈಗೆ ಹೊಂದುತ್ತದಾ ಅನ್ನುವುದು ದೊಡ್ಡದು. ನಾನು ಮೊದಲ ನಾಲ್ಕು ವರ್ಷ ನಮ್ಮ ಯಜಮಾನರ ಹಳೆ ಸೆಟ್ಟಿನಲ್ಲಿ ಆಡಿದೆ. ಅವರು ಆರಡಿ, ನಾನು ಐದಡಿ ಎರಡು ಇಂಚು. ಗುರಿಗೆ ಸರಿಯಾಗಿ ನಿಂತರೂ ಐರನ್ ಎಲ್ಲ ಎಡಕ್ಕೇ ಹೋಗುತ್ತಿತ್ತು. ನನ್ನ ಸ್ವಿಂಗೇ ಕೆಟ್ಟದ್ದು ಅಂದುಕೊಂಡು ಎಷ್ಟು ಬೇಸರಪಟ್ಟಿದ್ದೇನೋ. ಆಮೇಲೆ ತಿಳಿಯಿತು. ಕ್ಲಬ್ ಉದ್ದ ಜಾಸ್ತಿ ಆದ್ದರಿಂದ ತಾಗುವಾಗ ಅದರ ಟೋ (ಕ್ಲಬ್ ತಲೆಯ ಹೊರ ತುದಿ) ಮೇಲೆದ್ದಿರುತ್ತಿತ್ತು. ಟೋ ಮೇಲೆದ್ದರೆ ಕ್ಲಬ್ಬಿನ ಮುಖ ಎಡಕ್ಕೆ ತಿರುಗುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ವೈಟ್‌ಬೋರ್ಡ್ ಮಾರ್ಕರ್ ಸಾಕು. ಬಾಲಿನ ಮೇಲೆ ದಪ್ಪಗೆ ಒಂದು ಗೆರೆ ಎಳೆಯಿರಿ. ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಕಡೆ ಮುಖ ಮಾಡಿರುವ ಹಾಗೆ ಬಾಲ್ ಇಟ್ಟು ಹೊಡೆಯಿರಿ. ಕ್ಲಬ್ಬಿನ ಮುಖಕ್ಕೆ ಗೆರೆಯ ಅಚ್ಚು ಬೀಳುತ್ತದೆ. ಅಚ್ಚಿನ ಮೇಲ್ತುದಿ ಟೋ ಕಡೆ ವಾಲಿದ್ದರೆ ಟೋ ಮೇಲೆದ್ದಿದೆ. ಕ್ಲಬ್ಬಿನ ಹಿಮ್ಮಡಿ (ಕೋಲಿನ ಕಡೆಯ ತುದಿ) ಕಡೆ ವಾಲಿದ್ದರೆ ಆ ಹಿಮ್ಮಡಿ ಮೇಲೆದ್ದಿದೆ. ನೆಟ್ಟಗಿದ್ದರೆ ಸೆಟ್ ಬಗ್ಗೆ ಯೋಚನೆ ಬಿಟ್ಟುಬಿಡಿ. ಇದೇ ಅಚ್ಚು ಬಾಲ್ ಮುಖದ ಯಾವ ಜಾಗಕ್ಕೆ ತಾಗುತ್ತಿದೆ ಅನ್ನುವುದನ್ನೂ ತೋರಿಸುತ್ತದೆ. ಹತ್ತು ಬಾಲಿನ ಅಚ್ಚು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ, ವಿಶೇಷವಾಗಿ ಹೆಂಗಸರಿಗೆ. 'ಡಿವಟ್ ತೆಗೆಯಿರಿ, ನೆಲ ಅಗೆಯಿರಿ' ಅಂತ ಎಲ್ಲರೂ ಹೇಳುತ್ತಾರೆ. ಡಿವಟ್ ಅಂದರೆ ಕ್ಲಬ್ ಕೆತ್ತಿದ ಹುಲ್ಲಿನ ತುಂಡು, ಅದು ಬಿಟ್ಟ ಗುರುತು. ಟ್ರ್ಯಾಕ್‌ಮ್ಯಾನ್ (ಸ್ವಿಂಗ್ ಅಳೆಯುವ ರಾಡಾರ್) ಅಳತೆಯಲ್ಲಿ ಪಿಜಿಎ ಟೂರಿನ (ಅಮೆರಿಕದ ವೃತ್ತಿಪರ ಸರಣಿ) ಗಂಡಸರು ಸೆವೆನ್ ಐರನ್ನನ್ನು ಸುಮಾರು 4 ಡಿಗ್ರಿ ಕೆಳಮುಖವಾಗಿ ಹೊಡೆಯುತ್ತಾರೆ. ಎಲ್‌ಪಿಜಿಎ ಹೆಂಗಸರು 2 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಅವರು ಹುಲ್ಲನ್ನು ಸವರಿದ ಹಾಗೆ ಇರುತ್ತದೆ. ಬಾಲ್ ಮೊದಲು, ನೆಲ ಆಮೇಲೆ ಅನ್ನುವುದು ಮುಖ್ಯ. ಗುಂಡಿ ತೋಡುವುದು ಮುಖ್ಯ ಅಲ್ಲ.

ಅದಿತಿ ಅಶೋಕ್ ನಮ್ಮ ಬೆಂಗಳೂರಿನ ಹುಡುಗಿ. 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾಗಿ ಬಂದಳು. ಕಂಚು ಒಂದೇ ಒಂದು ಸ್ಟ್ರೋಕಿನಲ್ಲಿ ತಪ್ಪಿತು. ಆ ನಾಲ್ಕು ದಿನ ಬೆಳಿಗ್ಗೆ ಬೇಗ ಎದ್ದು ನೋಡಿದ್ದೇನೆ. ಅವಳು ದೂರ ಹೊಡೆಯುವವಳಲ್ಲ. ಜೊತೆಯವರು ಸಣ್ಣ ಐರನ್ ಹಿಡಿದ ಕಡೆ ಇವಳು ಉದ್ದದ ಕ್ಲಬ್ ಹಿಡಿದು ಗ್ರೀನಿಗೆ ಹೊಡೆಯಬೇಕಾಗಿತ್ತು. ಆದರೂ ಕೊನೆಯ ಹೋಲ್ ತನಕ ಪದಕದ ಪೈಪೋಟಿಯಲ್ಲಿದ್ದಳು. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಖಾರ್ಘರ್ ಗುಡ್ಡ · ಮೇ 26

ಈ ಥ್ರೆಡ್ ಉಳಿಸಿಕೊಳ್ಳುತ್ತಿದ್ದೇನೆ. ನನ್ನದೊಂದು ಪ್ರಶ್ನೆ. ನಮ್ಮ ಖಾರ್ಘರ್ ಕೋರ್ಸ್ ಗುಡ್ಡದ ಬುಡದಲ್ಲಿದೆ. ಸಮತಟ್ಟಾದ ಜಾಗದಲ್ಲಿ ಬಾಲ್ ಸಿಗುವುದೇ ಅಪರೂಪ. ಅಲ್ಲಿ ಇದೆಲ್ಲ ಹೇಗೆ?

ಚೆಂಬೂರು ಹಳಬ · ಮೇ 26

ಭುಜವನ್ನು ಇಳಿಜಾರಿಗೆ ಸಮವಾಗಿ ಇಟ್ಟುಕೊಳ್ಳಿ. ಏರಿನಲ್ಲಿ ಬಾಲ್ ಎತ್ತರಕ್ಕೆ ಹೋಗಿ ಬೇಗ ಬೀಳುತ್ತದೆ, ಒಂದು ಕ್ಲಬ್ ಜಾಸ್ತಿ ತೆಗೆದುಕೊಳ್ಳಿ (ಸೆವೆನ್ ಬದಲು ಸಿಕ್ಸ್). ಇಳಿಜಾರಿನಲ್ಲಿ ತಗ್ಗಿನಲ್ಲಿ ಹೋಗಿ ಓಡುತ್ತದೆ. ಬಾಲ್ ನಿಮ್ಮ ಪಾದಕ್ಕಿಂತ ಎತ್ತರದಲ್ಲಿದ್ದರೆ ಎಡಕ್ಕೆ ಎಳೆಯುತ್ತದೆ, ಕ್ಲಬ್ಬನ್ನು ಸ್ವಲ್ಪ ಕೆಳಗೆ ಹಿಡಿಯಿರಿ. ಪಾದಕ್ಕಿಂತ ಕೆಳಗಿದ್ದರೆ ಬಲಕ್ಕೆ ಹೋಗುತ್ತದೆ, ಮಂಡಿ ಬಗ್ಗಿಸಿ, ಹೊಡೆದು ಮುಗಿಯುವ ತನಕ ಮೇಲೇಳಬೇಡಿ. ನಾಲ್ಕಕ್ಕೂ ಮುಕ್ಕಾಲು ಸ್ವಿಂಗ್ ಸಾಕು. ಇದನ್ನು ಬೇರೆ ಥ್ರೆಡ್‌ನಲ್ಲಿ ಮಾತಾಡೋಣವಾ? ಹುಬ್ಬಳ್ಳಿಯವರ ಲೆಕ್ಕ ಬರಲಿ.

ಹಿಂಜವಡಿ ಹುಬ್ಬಳ್ಳಿ · ಜೂನ್ 1

ಅಣ್ಣ, ಲೆಕ್ಕ ತಂದಿದ್ದೇನೆ.

ನಿನ್ನೆ ಬೆಳಿಗ್ಗೆ ಆರೂವರೆಗೆ ಹೋದೆ. ಮನೆಯಾಕೆ ರಂಗೋಲಿ ಡಬ್ಬಿ ಕೊಟ್ಟಳು. 20 ಸ್ವಿಂಗ್. ಗೆರೆಯ ಹಿಂದೆ ನೆಲ ಕೆರೆದದ್ದು 13. ಅದರಲ್ಲಿ ಐದು ಸಲ ನಾಲ್ಕು ಬೆರಳಿನಷ್ಟು ಹಿಂದೆ. ಗೆರೆಯ ಮೇಲೆ 3. ಗೆರೆಯ ಮುಂದೆ 2. ಉಳಿದ ಎರಡರಲ್ಲಿ ಕ್ಲಬ್ ನೆಲಕ್ಕೆ ತಾಗಲೇ ಇಲ್ಲ.

ಬಾಲ್ ಎದುರಿಗಿಲ್ಲ, ಭಯ ಇಲ್ಲ, ಆದರೂ ಹೀಗೆ. ನೋಡಿದಾಗ ಮನಸ್ಸಿಗೆ ಒಂದು ಥರ ಆಯಿತು. ಆದರೆ ಸಮಾಧಾನವೂ ಆಯಿತು. ಮೂರು ವರ್ಷದಲ್ಲಿ ಮೊದಲ ಸಲ ತಪ್ಪು ಕಣ್ಣಿಗೆ ಕಂಡಿತು.

ಮೇಡಂ ಹೇಳಿದ ಮಾರ್ಕರ್ ಪರೀಕ್ಷೆಯೂ ಮಾಡಿದೆ. ಗೆರೆ ನೆಟ್ಟಗೇ ಇದೆ. ಸೆಟ್ ಸರಿ ಇದೆ ಅಂತ ಆಯಿತು. ಅಚ್ಚು ಮಾತ್ರ ಕೆಲವು ತೀರಾ ಕೆಳಗೆ, ಒಂದೆರಡು ಹೋಸೆಲ್ (ಕೋಲು ತಲೆಗೆ ಸೇರುವ ಕುತ್ತಿಗೆ) ಕಡೆ.

ಫೋನ್ ನಿಲ್ಲಿಸಿ ಎದುರಿನಿಂದ ವಿಡಿಯೋ ತೆಗೆದೆ. ಬಾಲ್ ಹೊಡೆದು ಮುಗಿದ ಮೇಲೂ ನನ್ನ ಬಲ ಹಿಮ್ಮಡಿ ನೆಲದ ಮೇಲೇ ಇದೆ.

ಚೆಂಬೂರು ಹಳಬ · ಜೂನ್ 1

ಆ ಹಿಮ್ಮಡಿಯೇ ಉತ್ತರ. ಭಾರ ಎಡಕ್ಕೆ ಬಂದಿದ್ದರೆ ಹಿಮ್ಮಡಿ ತಾನಾಗಿ ಏಳುತ್ತದೆ.

ಯಾಕೆ ಬರುತ್ತಿಲ್ಲ? ನನಗೆ ಅನಿಸುವುದು ಇಷ್ಟು. ಬಾಲ್ ಮೇಲೆ ಹಾರಲಿ ಅಂತ ನೀವು ಅದನ್ನು ಕೆಳಗಿನಿಂದ ಎತ್ತಲು ಹೋಗುತ್ತಿದ್ದೀರಿ. ಎತ್ತಬೇಕು ಅಂದರೆ ಯಾರಿಗಾದರೂ ಮೈ ಹಿಂದಕ್ಕೆ ವಾಲುತ್ತದೆ. ಬುಟ್ಟಿ ಎತ್ತುವಾಗಲೂ ಹಾಗೇ ತಾನೆ. ಬಾಲನ್ನು ಎತ್ತುವ ಕೆಲಸ ನಿಮ್ಮದಲ್ಲ. ಅದಕ್ಕೆ ಕ್ಲಬ್ಬಿನ ಮುಖದಲ್ಲಿ 30 ಡಿಗ್ರಿ ಓರೆ ಕೊಟ್ಟಿದ್ದಾರೆ. ನೀವು ಕೆಳಕ್ಕೆ ಹೊಡೆದರೇ ಅದು ಮೇಲಕ್ಕೆ ಹೋಗುತ್ತದೆ.

ಕ್ಯಾಡಿಗಳು ಹೇಳುವ 'ತಲೆ ಎತ್ತಬೇಡಿ' ಬಗ್ಗೆ. ಅವರು ಕಂಡದ್ದು ನಿಜ, ಹೊಡೆದಾಗ ತಲೆ ಮೇಲೆ ಹೋಗುತ್ತಿದೆ. ಆದರೆ ತಲೆ ತಾನಾಗಿ ಹೋಗುವುದಿಲ್ಲ, ಸೊಂಟ ಎದ್ದರೆ ತಲೆ ಏಳುತ್ತದೆ. ತಲೆಯನ್ನು ಒತ್ತಿ ಹಿಡಿದರೆ ಭುಜ ತಿರುಗುವುದು ನಿಲ್ಲುತ್ತದೆ, ಭಾರ ಇನ್ನೂ ಬಲಗಾಲಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನಿಮಗೆ ಜಾಸ್ತಿ ಕೆಟ್ಟಿತು.

ಮೂರು ವಾರ ಇದೊಂದೇ ಮಾಡಿ, ಬೇರೆ ಏನೂ ಬೇಡ. ಗ್ರಿಪ್ ಮುಟ್ಟಬೇಡಿ. ನೈನ್ ಐರನ್ ತೆಗೆದುಕೊಳ್ಳಿ. ಬಲಗಾಲನ್ನು ಅರ್ಧ ಅಡಿ ಹಿಂದಕ್ಕೆ ಇಟ್ಟು, ತುದಿಬೆರಳ ಮೇಲೆ ನಿಲ್ಲಿಸಿ. ಭಾರವೆಲ್ಲ ಎಡಗಾಲ ಮೇಲೆ. ಕೈ ಸೊಂಟದ ಎತ್ತರಕ್ಕೆ ಹೋಗಿ ಸೊಂಟದ ಎತ್ತರಕ್ಕೆ ಮುಗಿಯುವ ಅರ್ಧ ಸ್ವಿಂಗ್. 40, 50 ಗಜ ಹೋದರೆ ಸಾಕು. ಹೀಗೆ ನಿಂತಾಗ ಹಿಂದೆ ವಾಲಲು ಆಗುವುದೇ ಇಲ್ಲ, ಬಿದ್ದುಬಿಡುತ್ತೀರಿ. ಮೈ ತಾನಾಗಿ ಕಲಿಯುತ್ತದೆ. 20 ಬಾಲ್ ಹೀಗೆ, ಆಮೇಲೆ ಎರಡೂ ಕಾಲು ಊರಿ 20 ಬಾಲ್ ಅದೇ ಅರ್ಧ ಸ್ವಿಂಗ್.

ಮ್ಯಾಟ್ ಮೇಲೆ ಮಾಡುವ ದಿನ, ಬಾಲಿಗೆ ಐದಾರು ಇಂಚು ಹಿಂದೆ ಒಂದು ಟವೆಲ್ ಮಡಚಿ ಇಡಿ. ಟವೆಲ್‌ಗೆ ತಾಗದೆ ಬಾಲ್ ಹೊಡೆಯಬೇಕು. ಅಷ್ಟೇ.

ಬೆಳಗಾವಿ ಫಿಸಿಯೋ · ಜೂನ್ 2

ನಾನು ಪುಣೆಯಲ್ಲಿ ಫಿಸಿಯೋಥೆರಪಿಸ್ಟ್. ಗಾಲ್ಫ್ ಆಡುವುದು ಅಷ್ಟಕ್ಕಷ್ಟೆ, ಆದರೆ ಗಾಲ್ಫ್ ಆಡುವವರ ಸೊಂಟ ದಿನಾ ನೋಡುತ್ತೇನೆ. ಹುಬ್ಬಳ್ಳಿ ಸರ್, ನೀವು ದಿನಕ್ಕೆ ಎಂಟು ಒಂಬತ್ತು ಗಂಟೆ ಕುರ್ಚಿ ಮೇಲೆ ಕೂರುವವರು. ಹಾಗೆ ಕೂತವರಿಗೆ ತೊಡೆಯ ಮುಂಭಾಗ ಬಿಗಿಯಾಗಿರುತ್ತದೆ, ಸೊಂಟದ ಕೀಲು ಒಳಕ್ಕೆ ತಿರುಗುವುದು ಕಡಿಮೆಯಾಗಿರುತ್ತದೆ. ಎಡ ಸೊಂಟ ತಿರುಗದಿದ್ದರೆ ಭಾರ ಎಡಕ್ಕೆ ಬರಲು ಜಾಗವೇ ಇರುವುದಿಲ್ಲ. ಮೈ ಬೇರೆ ದಾರಿ ಹುಡುಕುತ್ತದೆ. ಸೊಂಟ ಬಾಲಿನ ಕಡೆಗೆ ಮುಂದಕ್ಕೆ ನುಗ್ಗುತ್ತದೆ, ಬೆನ್ನು ನೆಟ್ಟಗಾಗುತ್ತದೆ. ಹೋಸೆಲ್ ಕಡೆ ಬಿದ್ದ ಅಚ್ಚು ಅಂದಿರಲ್ಲ, ಅದಕ್ಕೂ ಇದೇ ಕಾರಣ ಇರಬಹುದು. ಸೊಂಟ ಮುಂದೆ ಬಂದರೆ ಕೈಗಳೂ ಮುಂದೆ ಹೋಗುತ್ತವೆ.

ಮನೆಯಲ್ಲಿ ನೋಡಿಕೊಳ್ಳಿ. ಕುರ್ಚಿಯ ಬೆನ್ನಿಗೆ ನಿಮ್ಮ ಹಿಂಭಾಗ ತಾಗುವ ಹಾಗೆ ಸ್ಟಾನ್ಸ್ ತೆಗೆದುಕೊಳ್ಳಿ. ಕ್ಲಬ್ ಬೇಡ, ಕೈ ಎದೆಗೆ ಕಟ್ಟಿಕೊಳ್ಳಿ. ಹಿಂದಕ್ಕೆ ತಿರುಗಿದಾಗ ಬಲ ಹಿಂಭಾಗ ಕುರ್ಚಿಗೆ ತಾಗಿರಬೇಕು. ಮುಂದಕ್ಕೆ ತಿರುಗಿದಾಗ ಎಡ ಹಿಂಭಾಗ ತಾಗಬೇಕು. ನಡುವೆ ಕುರ್ಚಿ ಬಿಟ್ಟು ಮುಂದೆ ಬಂದರೆ ಅದೇ ನಿಮ್ಮ ತೊಂದರೆ. ದಿನಕ್ಕೆ 15 ಸಲ, ನಿಧಾನವಾಗಿ. ಸೊಂಟ ಅಥವಾ ಮಂಡಿಯಲ್ಲಿ ನೋವು ಬಂದರೆ ನಿಲ್ಲಿಸಿ, ಯಾರಿಗಾದರೂ ತೋರಿಸಿ.

ಮತ್ತೆ ಕಾರಿನಿಂದ ಇಳಿದು ಸೀದಾ ಮೊದಲ ಟೀಗೆ (ಆಟ ಶುರುವಾಗುವ ಜಾಗ) ಹೋಗಬೇಡಿ. ಹತ್ತು ನಿಮಿಷ ನಡೆಯಿರಿ.

ಔಂಧ್ ಕೊಡವತಿ · ಜೂನ್ 2

ಫಿಸಿಯೋ ಹೇಳಿದ್ದು ಬಹಳ ಸರಿ. ಇದರ ಜೊತೆಗೆ ಲಯದ ಬಗ್ಗೆ ಒಂದು ಮಾತು. ಟೂರಿನ ಆಟಗಾರರ ಸ್ವಿಂಗ್ ಅಳೆದು ನೋಡಿದವರು ಒಂದು ವಿಷಯ ಕಂಡುಕೊಂಡಿದ್ದಾರೆ. ಕ್ಲಬ್ ಹಿಂದಕ್ಕೆ ಹೋಗುವ ಹೊತ್ತು ಮೂರು ಪಾಲು ಇದ್ದರೆ, ಕೆಳಗೆ ಬಂದು ಬಾಲಿಗೆ ತಾಗುವ ಹೊತ್ತು ಒಂದು ಪಾಲು. ವೇಗದ ಸ್ವಿಂಗಿನವರಿಗೂ ನಿಧಾನದವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ನಾನು ಚಿಕ್ಕವಳಿದ್ದಾಗ ಮೃದಂಗ ಕಲಿಯುತ್ತಿದ್ದ ಅಣ್ಣನ ಪಕ್ಕ ಕೂರುತ್ತಿದ್ದೆ. ಅದು ಈಗ ಉಪಯೋಗಕ್ಕೆ ಬಂತು. 'ತ ಕಿ ಟ' ಅಂತ ಹಿಂದಕ್ಕೆ, 'ತಾ' ಅನ್ನುವಾಗ ಬಾಲ್. ಮನಸ್ಸಿನಲ್ಲೇ ಹೇಳಿಕೊಳ್ಳಿ. ಒತ್ತಡದ ಶಾಟ್ ಇದ್ದಾಗ ನನ್ನ 'ಟ' ತಿಂದುಹೋಗುತ್ತದೆ, ಮೇಲಿಂದ ಅವಸರದಲ್ಲಿ ಎಳೆದುಬಿಡುತ್ತೇನೆ. ಹಾಗಾದ ದಿನ ಫ್ಯಾಟ್ ಜಾಸ್ತಿ.

ಕಾರವಾರ ಕಡಲು · ಜೂನ್ 4

ನಾನು ಗೋವಾದಿಂದ. ಕಾಣಕೋಣದ ಒಂಬತ್ತು ಹೋಲಿನ ಕೋರ್ಸಿನಲ್ಲಿ ಆಡುವವನು, ಪಕ್ಕದಲ್ಲೇ ಸಮುದ್ರ. ಗಾಳಿ ಎದುರಿಗಿದ್ದರೆ ಜೋರಾಗಿ ಹೊಡೆಯಬೇಕು ಅನಿಸುತ್ತದೆ. ಜೋರಾಗಿ ಹೊಡೆದಷ್ಟೂ ಸ್ಪಿನ್ ಜಾಸ್ತಿ, ಬಾಲ್ ಗಾಳಿಪಟದ ಹಾಗೆ ಮೇಲೆದ್ದು ಅಲ್ಲೇ ಬೀಳುತ್ತದೆ. ಎರಡು ಕ್ಲಬ್ ಜಾಸ್ತಿ ತೆಗೆದುಕೊಂಡು ಮುಕ್ಕಾಲು ಸ್ವಿಂಗ್ ಮಾಡಿ. ಚೆಂಬೂರಣ್ಣ ಹೇಳಿದ ಅರ್ಧ ಸ್ವಿಂಗ್ ಅಭ್ಯಾಸ ಇದ್ದವರಿಗೆ ಇದು ಸುಲಭ. ಇಷ್ಟೇ ಹೇಳಬೇಕಿತ್ತು.

ಹಿಂಜವಡಿ ಹುಬ್ಬಳ್ಳಿ · ಜೂನ್ 27

ಮೂರು ವಾರ ಆಯಿತು. ಹೇಳಿದ್ದು ಬಿಟ್ಟು ಬೇರೆ ಏನೂ ಮಾಡಿಲ್ಲ.

ಮೊದಲ ವಾರ ಅಳು ಬರುವಷ್ಟು ಕಷ್ಟ ಆಯಿತು. ಒಂದು ಕಾಲ ಮೇಲೆ ನಿಂತು 40 ಗಜ ಹೊಡೆಯುವಾಗ ಪಕ್ಕದವರು ಡ್ರೈವರ್ ಬೀಸುತ್ತಿದ್ದರು. ಎರಡನೇ ವಾರದ ಮಧ್ಯದಲ್ಲಿ ಒಂದು ಶಾಟ್ ಬಂತು. ಕೈಗೆ ಏನೂ ತಾಗಿದ ಹಾಗೇ ಇಲ್ಲ. ಬಾಲ್ ತಗ್ಗಿನಲ್ಲಿ ಹೊರಟು ಆಮೇಲೆ ಮೇಲೇರಿತು. ಡಿವಟ್ ಬಾಲ್ ಇದ್ದ ಜಾಗದಿಂದ ಮುಂದೆ ಶುರುವಾಗಿತ್ತು. ಅಲ್ಲೇ ಕೂತು ಆ ಡಿವಟ್ ಫೋಟೋ ತೆಗೆದುಕೊಂಡೆ.

ಈಗ ಮಳೆ ಶುರುವಾಗಿದೆ. ಕೋರ್ಸ್ ಪೂರ್ತಿ ಮೆತ್ತಗೆ. ನೆಲಕ್ಕೆ ಸ್ವಲ್ಪ ಮೊದಲು ತಾಗಿದರೂ ಕ್ಲಬ್ ಹೂತುಹೋಗುತ್ತದೆ. ಈ ನಾಲ್ಕು ತಿಂಗಳು ಅಭ್ಯಾಸ ನಿಲ್ಲಿಸಲಾ?

ಚೆಂಬೂರು ಹಳಬ · ಜೂನ್ 27

ನಿಲ್ಲಿಸಬೇಡಿ! ಇದಕ್ಕಿಂತ ಒಳ್ಳೆ ಗುರು ಸಿಗುವುದಿಲ್ಲ. ಬೇಸಿಗೆಯ ಗಟ್ಟಿ ನೆಲ ನಿಮ್ಮ ಸಣ್ಣ ತಪ್ಪನ್ನು ಮಾಫಿ ಮಾಡುತ್ತದೆ, ಕ್ಲಬ್ ಪುಟಿದು ಬಾಲಿಗೆ ತಾಗಿಬಿಡುತ್ತದೆ. ಒದ್ದೆ ನೆಲ ಒಂದನ್ನೂ ಬಿಡುವುದಿಲ್ಲ. ಮಳೆಗಾಲದಲ್ಲಿ ಕಲಿತ ಐರನ್ ನವೆಂಬರಿನಲ್ಲಿ ಬಂಗಾರ.

ಒಂದು ಕ್ಲಬ್ ಜಾಸ್ತಿ, ಸ್ವಿಂಗ್ ಸಣ್ಣದು. ಬಾಲ್ ಬಿದ್ದ ಮೇಲೆ ಓಡುವುದಿಲ್ಲ, ಹಾರಿದಷ್ಟೇ ದೂರ. ಪ್ರತಿ ಶಾಟ್ ಮುಂಚೆ ಕ್ಲಬ್ಬಿನ ಮುಖ ಒರೆಸಿ, ಗೆರೆಗಳಲ್ಲಿ ಮಣ್ಣಿದ್ದರೆ ಸ್ಪಿನ್ ಬರುವುದಿಲ್ಲ. ಒಂದು ಒಣ ಟವೆಲನ್ನು ಛತ್ರಿಯ ಒಳಗಿನ ಕಡ್ಡಿಗೆ ನೇತುಹಾಕಿ. ಕ್ಲಬ್ಬಿನ ಹಿಡಿಯ ಗ್ರಿಪ್ ಹಳೆಯದಾಗಿದ್ದರೆ ಬದಲಾಯಿಸಿ. ಜಾರುವ ಗ್ರಿಪ್ಪನ್ನು ಕೈ ಬಿಗಿಯಾಗಿ ಹಿಡಿಯುತ್ತದೆ, ಬಿಗಿ ಹಿಡಿದ ಕೈಯಲ್ಲಿ ಲಯ ಇರುವುದಿಲ್ಲ.

ನಿಯಮವೂ ತಿಳಿದಿರಲಿ. ಬಾಲ್ ತಾನೇ ಬಿದ್ದು ಮಾಡಿದ ಗುಂಡಿಯಲ್ಲಿ ಹೂತಿದ್ದರೆ ದಂಡ ಇಲ್ಲದೆ ತೆಗೆದು, ಒರೆಸಿ, ಒಂದು ಕ್ಲಬ್ ಉದ್ದದೊಳಗೆ, ಹೋಲಿಗೆ ಹತ್ತಿರ ಆಗದ ಹಾಗೆ ಡ್ರಾಪ್ ಮಾಡಬಹುದು. ನಿಯಮ 16.3. ಫೇರ್‌ವೇ (ಕತ್ತರಿಸಿದ ಹುಲ್ಲು) ಅಷ್ಟೇ ಅಲ್ಲ, ಉದ್ದ ಹುಲ್ಲಿನ ರಫ್‌ನಲ್ಲೂ ನಡೆಯುತ್ತದೆ. ಬಂಕರಿನಲ್ಲಿ (ಮರಳಿನ ಗುಂಡಿ) ಇಲ್ಲ. ಮಳೆಯಿಂದ ತಾತ್ಕಾಲಿಕವಾಗಿ ನಿಂತ ನೀರಿನಲ್ಲಿ (ಕೋರ್ಸಿನ ಕೆರೆ, ಹಳ್ಳ ಅಲ್ಲ) ಬಾಲ್ ಇದ್ದರೂ ದಂಡ ಇಲ್ಲದೆ ಪರಿಹಾರ ಇದೆ. ಎಷ್ಟೋ ಜನ ಗೊತ್ತಿಲ್ಲದೆ ಕೆಸರಿನಿಂದಲೇ ಹೊಡೆದು ಸ್ಕೋರ್ ಕಳೆದುಕೊಳ್ಳುತ್ತಾರೆ.

ಔಂಧ್ ಕೊಡವತಿ · ಜುಲೈ 12

ತಪ್ಪು ಎಲ್ಲಾ ಸ್ವಿಂಗಿನದ್ದೇ ಅಲ್ಲ ಅಂತ ನನಗೆ ಈಚೆಗೆ ಅನಿಸುತ್ತಿದೆ. ಹುಬ್ಬಳ್ಳಿಯವರೇ, ನೀವು 'ನನ್ನ ಸೆವೆನ್ ಐರನ್ 145' ಅಂದಿರಿ. ಅದು ಸರಾಸರಿಯಾ, ಅತಿ ಒಳ್ಳೆಯ ಶಾಟಾ? ನಮ್ಮಲ್ಲಿ ಹೆಚ್ಚಿನವರು ಜೀವನದ ಒಳ್ಳೆ ಶಾಟನ್ನು ತಮ್ಮ ದೂರ ಅಂತ ಹೇಳಿಕೊಳ್ಳುತ್ತೇವೆ. ಆಮೇಲೆ 145ಕ್ಕೆ ಸೆವೆನ್ ಹಿಡಿದು, ಸುಮಾರಾಗಿ ಹೊಡೆದು, ಗ್ರೀನಿನ ಮುಂದಿನ ಬಂಕರಿನಲ್ಲಿ ಬೀಳುತ್ತೇವೆ. ಹತ್ತು ಬಾಲ್ ಹೊಡೆದು, ತೀರಾ ಕೆಟ್ಟ ಎರಡು ಬಿಟ್ಟು, ಉಳಿದವುಗಳ ನಡುವಿನ ಅಂಕಿ ತೆಗೆದುಕೊಳ್ಳಿ. ನನ್ನದು ಹಾಗೆ ಮಾಡಿದಾಗ 11 ಗಜ ಕಡಿಮೆ ಬಂತು. ಅಂದಿನಿಂದ ಗ್ರೀನ್ ಸಿಗುವುದು ಜಾಸ್ತಿ ಆಗಿದೆ.

ರೇಂಜ್ ಬಾಲಿನಲ್ಲಿ ಅಳೆಯಬೇಡಿ, ಅವು ಕಡಿಮೆ ಹೋಗುತ್ತವೆ.

ಹೋಲಿನ ಬಾವುಟ ನೋಡಿ ಹೊಡೆಯುವುದನ್ನೂ ಬಿಡಿ. ಪಿಜಿಎ ಟೂರಿನವರೇ 150 ಗಜದ ಆಸುಪಾಸಿನಿಂದ ಸರಾಸರಿ 25 ಅಡಿ ದೂರದಲ್ಲಿ ಬಾಲ್ ನಿಲ್ಲಿಸುತ್ತಾರೆ. ನಾವು ಗ್ರೀನಿನ ನಡುವೆ ನೋಡಿದರೆ ಸಾಕಲ್ವಾ? ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅನ್ನುವ ಪ್ರಾಧ್ಯಾಪಕರು ಲಕ್ಷಾಂತರ ಶಾಟ್‌ಗಳ ಲೆಕ್ಕ ಹಾಕಿದ್ದಾರೆ. ಟೂರಿನ ಅತಿ ಒಳ್ಳೆಯ ಆಟಗಾರರಿಗೂ ಉಳಿದವರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು 40 ಶೇಕಡಾ ಗ್ರೀನಿಗೆ ಹೊಡೆಯುವ ಶಾಟ್‌ಗಳಿಂದ ಬರುತ್ತದೆ. ಪಟ್ಟಿಂಗಿನಿಂದ 15 ಶೇಕಡಾ. ನೀವು ಒದ್ದಾಡುತ್ತಿರುವ ಜಾಗ ಸರಿಯಾದದ್ದೇ.

ಚೆಂಬೂರು ಹಳಬ · ಜುಲೈ 12

ಮೇಡಂ ಮಾತಿಗೆ ಒಂದು ಸೇರಿಸುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಪುಣೆ 560. ಚೆಂಬೂರು ಸಮುದ್ರದ ಪಕ್ಕ. ಎತ್ತರ ಹೆಚ್ಚಿದ ಹಾಗೆ ಗಾಳಿ ತೆಳು, ಬಾಲ್ ಜಾಸ್ತಿ ಹೋಗುತ್ತದೆ. ಪ್ರತಿ ಸಾವಿರ ಅಡಿಗೆ ಒಂದು ಶೇಕಡಾ ಚಿಲ್ಲರೆ. ಬೆಂಗಳೂರಿನ 150 ಗಜ ಮುಂಬೈಯಲ್ಲಿ 145. ನಾನು ಬಂದ ಹೊಸತರಲ್ಲಿ ಇದು ತಿಳಿಯದೆ ಒಂದು ವರ್ಷ ನನ್ನ ಸ್ವಿಂಗನ್ನೇ ಬೈದುಕೊಂಡೆ. ಊರು ಬದಲಾದರೆ ಅಂಕಿ ಮತ್ತೆ ಅಳೆಯಿರಿ.

ಹಿಂಜವಡಿ ಹುಬ್ಬಳ್ಳಿ · ಆಗಸ್ಟ್ 16

ಎಲ್ಲರಿಗೂ ಲೆಕ್ಕ ಒಪ್ಪಿಸಬೇಕು ಅಂತ ಬಂದೆ.

ನಿನ್ನೆ ರಜೆ, ಮಳೆ ಬಿಟ್ಟಿತ್ತು. ಮತ್ತೆ ರಂಗೋಲಿ ಗೆರೆ, ಮತ್ತೆ 20 ಸ್ವಿಂಗ್. ಗೆರೆಯ ಹಿಂದೆ 4. ಗೆರೆಯ ಮೇಲೆ 5. ಗೆರೆಯ ಮುಂದೆ 11. ಹಿಂದೆ ಬಿದ್ದ ನಾಲ್ಕರಲ್ಲಿ ಯಾವುದೂ ಒಂದು ಬೆರಳಿಗಿಂತ ದೂರ ಇಲ್ಲ.

ಸೆವೆನ್ ಐರನ್ನಿನ ನಿಜವಾದ ದೂರ 134 ಅಂತ ಆಯಿತು. 145 ಅಂತ ಹೇಳಿಕೊಂಡು ಓಡಾಡುತ್ತಿದ್ದೆ. ಮೊದಲು ಬೇಜಾರಾಯಿತು. ಆದರೆ ಕಳೆದ ರೌಂಡಿನಲ್ಲಿ ಏಳು ಗ್ರೀನ್ ಸಿಕ್ಕವು. ಮೊದಲು ಎರಡು, ಮೂರು ಸಿಕ್ಕರೆ ಅದೇ ಹಬ್ಬ. ಸ್ಕೋರ್ 89. ತೊಂಬತ್ತರ ಒಳಗೆ ಇದೇ ಮೊದಲು.

ಹದಿನಾಲ್ಕನೇ ಹೋಲಿನಲ್ಲಿ ಕ್ಯಾಡಿ ಏನೂ ಹೇಳದೆ ಡಿವಟ್ ತಂದು ಮುಚ್ಚಿ, ಕಾಲಲ್ಲಿ ಒತ್ತಿ, ನನ್ನ ಕಡೆ ನೋಡಿ ತಲೆಯಾಡಿಸಿದ. ಆ ತಲೆಯಾಡಿಸಿದ್ದು ಸ್ಕೋರಿಗಿಂತ ಜಾಸ್ತಿ ಖುಷಿ ಕೊಟ್ಟಿತು.

ಫೈವ್ ಐರನ್ ಮಾತ್ರ ಇನ್ನೂ ಬರುವುದಿಲ್ಲ. ಹತ್ತಕ್ಕೆ ಮೂರು. ಅದಕ್ಕೂ ಇದೇ ಅಭ್ಯಾಸ ಸಾಕಾ?

ಚೆಂಬೂರು ಹಳಬ · ಆಗಸ್ಟ್ 16

89! ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ.

ಫೈವ್ ಐರನ್ನನ್ನು ಬ್ಯಾಗಿನಿಂದ ತೆಗೆದಿಡಿ, ಹೈಬ್ರಿಡ್ (ಬಾಲನ್ನು ಸುಲಭವಾಗಿ ಎತ್ತರಕ್ಕೆ ಹಾರಿಸುವ ಕ್ಲಬ್) ಹಾಕಿಕೊಳ್ಳಿ. ಫೈವ್ ಐರನ್ನಿನಲ್ಲಿ ಬಾಲ್ ಎತ್ತರಕ್ಕೆ ಹಾರಿಸಲು ಬೇಕಾದ ವೇಗ ನಮ್ಮಂಥ ಬಹಳ ಜನರಲ್ಲಿ ಇಲ್ಲ. ವೇಗ ಇಲ್ಲದಿದ್ದಾಗ ಮತ್ತೆ ಎತ್ತಲು ಹೋಗುತ್ತೀರಿ, ಬಲ ಹಿಮ್ಮಡಿ ಮತ್ತೆ ನೆಲಕ್ಕೆ ಬರುತ್ತದೆ. ಮೂರು ತಿಂಗಳು ಕಟ್ಟಿದ್ದನ್ನು ಒಂದು ಕ್ಲಬ್ಬಿಗಾಗಿ ಕೆಡಿಸಬೇಡಿ.

ಮುಂದಿನ ತಿಂಗಳು ಮಗಳ ಮನೆಗೆ ಪುಣೆಗೆ ಬರುತ್ತಿದ್ದೇನೆ. ಒಂದು ಭಾನುವಾರ ಬೆಳಿಗ್ಗೆ ಸಿಗೋಣವಾ? ಕೊಡವತಿ ಮೇಡಂ, ಕುಡ್ಲ, ಫಿಸಿಯೋ, ನೀವೂ ಬನ್ನಿ. ನಿಮ್ಮ ಗೆರೆ ಕಣ್ಣಾರೆ ನೋಡಬೇಕು.

ಹಿಂಜವಡಿ ಹುಬ್ಬಳ್ಳಿ · ಆಗಸ್ಟ್ 16

ಅಣ್ಣ, ಖಂಡಿತ ಬನ್ನಿ. ಆರೂವರೆಗೆ. ಧಾರವಾಡ ಪೇಡೆ ತರಿಸಿಡುತ್ತೇನೆ, ರಂಗೋಲಿ ಡಬ್ಬಿ ಕಾರಿನಲ್ಲೇ ಇದೆ.